ಬದುವಿನ ಗಿಡ, ಹೊಲದ ಗೊಬ್ಬರ



ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದ ರಾಗಿ ಹೊಲಗಳಲ್ಲಿ ಬದುವೆಂದರೆ ಗಡಿಯ ಗುರುತು, ಇಲ್ಲವೇ ಮಣ್ಣು ತಡೆಯುವ ಒಡ್ಡು ಎಂಬಷ್ಟೇ ಭಾವನೆಯಿದೆ. ಅದು ಗೊಬ್ಬರ ಬೆಳೆಯಬಲ್ಲ ನೆಲವೂ ಹೌದು. ಇಲ್ಲಿಯ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಬಿಸಿಲಿನ ತಾಪಕ್ಕೆ ಅದು ಬೇಗನೆ ಕ್ಷಯಿಸುತ್ತದೆ. ದನಕರುಗಳು ಕಡಿಮೆಯಾದ ಮನೆಗಳಲ್ಲಿ ತಿಪ್ಪೆಯೂ ಚಿಕ್ಕದಾಗಿದೆ.

ಈ ಕೊರತೆಯನ್ನು ತುಂಬಲು ಗೊಬ್ಬರದ ಗಿಡವೆಂದೇ ಹೆಸರಾದ ಗ್ಲಿರಿಸಿಡಿಯಾ ಸೂಕ್ತವಾದುದು. ಮಧ್ಯ ಅಮೆರಿಕ ಮೂಲದ ಈ ದ್ವಿದಳ ಸಸ್ಯವು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಹೆಕ್ಟೇರಿಗೆ 700 ಮೀಟರ್ ಬದುವಿದ್ದು, ಅರ್ಧ ಮೀಟರಿಗೊಂದರಂತೆ ನೆಟ್ಟರೆ 1,400 ಗಿಡಗಳಾಗುತ್ತವೆ. ಬೆಳೆದು ನಿಂತ ಬಳಿಕ ಅವುಗಳ ಸೊಪ್ಪಿನಿಂದ ವರ್ಷಕ್ಕೆ ಸುಮಾರು 30 ಕೆ.ಜಿ. ಸಾರಜನಕ ದೊರೆಯಬಲ್ಲದು, ಅಂದರೆ 45 ಕೆ.ಜಿ.ಯ ಸುಮಾರು ಒಂದೂವರೆ ಚೀಲ ಯೂರಿಯಾಕ್ಕೆ ಸಮ. ಸೊಪ್ಪನ್ನು ಹೂ ಬಿಡುವ ಮುನ್ನವೇ, ಮೊಣಕಾಲಿನಿಂದ ಸೊಂಟದವರೆಗಿನ ಎತ್ತರ ಉಳಿಸಿ ಕತ್ತರಿಸಬೇಕು. ಕಡ್ಡಿ ನೆಟ್ಟರೂ ಗಿಡ ಚಿಗುರುತ್ತದೆ ನಿಜ. ಆದರೆ ಅದರ ಬೇರು ಆಳಕ್ಕಿಳಿಯುವುದಿಲ್ಲ. ಒಣ ಪ್ರದೇಶಕ್ಕೆ ಬೀಜದ ಸಸಿಯೇ ಲೇಸು.

ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿದ ಹಿರಿಯರು ಪ್ರತಿ ಗ್ರಾಮದಲ್ಲಿಯೂ ಇದ್ದಾರೆ. ಅವರಿಗೆ ಇದಾವುದೂ ಹೊಸ ವಿದ್ಯೆಯಲ್ಲ. ಆದರೂ ಮರವೆಂದೊಡನೆ ಇಂದಿನ ರೈತನಿಗೆ ಅನುಮಾನ. ನೀಲಗಿರಿಯ ಪಕ್ಕದಲ್ಲಿ ಬೆಳೆ ಸೊರಗಿದುದನ್ನು ಆತ ಕಂಡಿದ್ದಾನೆ. 2017ರಲ್ಲಿ ಸರ್ಕಾರವೇ ಅದರ ಹೊಸ ನೆಡುವಿಕೆಯನ್ನು ನಿಷೇಧಿಸಿತು. ನೆರಳಿನ ಜಗಳವೂ ಸಣ್ಣದಲ್ಲ. ಇಬ್ಬರಿಗೆ ಸೇರಿದ ಬದುವಿನ ಮೇಲೆ ಎತ್ತರದ ಮರ ನೆಟ್ಟರೆ ವ್ಯಾಜ್ಯ ತಪ್ಪದು; ಅಲ್ಲಿಗೆ ಸವರಿ ಕುಳ್ಳಗಿಡುವ ಗೊಬ್ಬರದ ಗಿಡವೇ ಸಾಕು. ಹೊಂಗೆ, ಹೆಬ್ಬೇವುಗಳಿಗೆ ರೈತನ ಸ್ವಂತ ಒಳಬದುಗಳಿವೆ. ಸಾಲು ಪೂರ್ವ-ಪಶ್ಚಿಮವಾಗಿದ್ದರೆ ಬೆಳೆಯ ಮೇಲೆ ನೆರಳು ಕಡಿಮೆ.

ಇನ್ನೊಂದು ಅಳುಕು, ಬೆಳೆಸಿದ ಮರವನ್ನು ಕಡಿಯಲು ಅನುಮತಿ ದೊರೆಯುವುದೋ ಇಲ್ಲವೋ ಎಂಬುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಗ್ಲಿರಿಸಿಡಿಯಾ, ಸಿಲ್ವರ್ ಓಕ್ ಮೊದಲಾದ ಜಾತಿಗಳನ್ನು ಕಡಿಯಲು ಪೂರ್ವಾನುಮತಿಯಿಂದ ವಿನಾಯಿತಿ ನೀಡಿದೆ. ವಲಯ ಅರಣ್ಯಾಧಿಕಾರಿಗಳಿಂದ ಪ್ರಚಲಿತ ಪಟ್ಟಿಯನ್ನು ಪಡೆದು ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸಿದರೆ ಅರ್ಧ ಭಯ ನೀಗುತ್ತದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಬದುಕುಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತದೆ. ವಿತರಿಸಿದ ಸಸಿಗಲ್ಲ, ಬದುಕಿದ ಸಸಿಗೆ ಹಣ. ಪಂಚಾಯಿತಿಯ ಪ್ರಗತಿ ಪರಿಶೀಲನೆಯಲ್ಲಿಯೂ ಇದೇ ಲೆಕ್ಕ ನಡೆಯಬೇಕು.

ಸಸಿ ಸಾಯುವುದು ಬಹುಪಾಲು ರಾಗಿ ಕೊಯ್ಲಿನ ನಂತರ. ಬೆಳೆಯಿರುವವರೆಗೆ ಹೊಲಕ್ಕೆ ಕಾವಲಿರುತ್ತದೆ. ಡಿಸೆಂಬರಿನಿಂದ ಕುರಿ ಮೇಕೆಗಳಿಗೆ ಹೊಲ ತೆರೆದುಕೊಳ್ಳುತ್ತದೆ, ಬೇಸಿಗೆಯೂ ಸಮೀಪಿಸುತ್ತದೆ. ಒಬ್ಬ ರೈತನು ಬೇಲಿ ಕಟ್ಟಿ ಇದನ್ನು ನಿವಾರಿಸಲಾರನು. ಹೊಸದಾಗಿ ನೆಟ್ಟ ಬದುಗಳನ್ನು ಎರಡು ಬೇಸಿಗೆ ಮೇಯಿಸದೆ ಬಿಡುವ ಒಪ್ಪಂದ ಗ್ರಾಮಸಭೆಯಲ್ಲಿಯೇ ಆಗಬೇಕು. ಆ ಸಭೆಗೆ ಕುರಿಗಾಹಿಗಳನ್ನು ಕರೆಯದೆ ಮಾಡಿದ ನಿರ್ಣಯ ಕಾಗದದಲ್ಲಿಯೇ ಉಳಿಯುತ್ತದೆ. ಅವರ ಮಂದೆಗೆ ಬದಲಿ ದಾರಿ, ಬದಲಿ ಮೇವಿನ ಜಾಗವನ್ನೂ ಅಲ್ಲಿಯೇ ಗುರುತಿಸತಕ್ಕದ್ದು.

ಜೂನ್-ಜುಲೈ ಮಳೆಗೆ ನೆಡಬೇಕಾದ ಸಸಿಯ ಬೀಜ ಫೆಬ್ರವರಿಯಲ್ಲಿಯೇ ಮಣ್ಣು ತುಂಬಿದ ಚೀಲಕ್ಕೆ ಬೀಳಬೇಕು. ಆದಕಾರಣ ಸಸಿಗಳ ಬೇಡಿಕೆ ಪಟ್ಟಿಯನ್ನು ಜನವರಿ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವುದು ಅಗತ್ಯವಾಗಿದೆ.