ಜಡ್ಜ್ ಸಾಹೇಬ್ರೇ ಬೈದ್ರೆ ಯಾರಿಗೆ ಹೇಳೋದು?



ಅರಸೀಕೆರೆಯಲ್ಲಿ ಕೋರ್ಟಿದೆ. ಬೇಲೂರಿನಲ್ಲೂ ಇದೆ. ಹಳೇಬೀಡಿನ ನಾವು ಬೇಲೂರಿಗೆ ಹೋಗುತ್ತೇವೆ. ಜಮೀನಿನ ಪಾಲಿಗೋ ಜೀವನಾಂಶಕ್ಕೋ ಕೋರ್ಟಿನ ಮೆಟ್ಟಿಲು ಹತ್ತುತ್ತೇವೆ.

ಒಂದು ರಾತ್ರಿ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಟೀಚರ್, ಕೋರ್ಟಲ್ಲಿ ಜಡ್ಜ್ ಸಾಹೇಬ್ರೇ ಕೆಟ್ಟದಾಗಿ ಬೈದ್ರೆ ಯಾರಿಗೆ ಹೇಳೋದು? ಬೇಲೀನೇ ಎದ್ದು ಹೊಲ ಮೇಯ್ದಂಗಲ್ವಾ?" ನಾವು ನಕ್ಕೆವು. ಅಕ್ಕ ನಗಲಿಲ್ಲ. ತಲೆ ತಗ್ಗಿಸಿದರು. ನಮಗೂ ಉತ್ತರ ಗೊತ್ತಿರಲಿಲ್ಲ. ವಕೀಲರನ್ನು ಕೇಳಿ ತಿಳಿದೆವು.

ಮೊದಲು ಒಂದು ಮಾತು. ತೀರ್ಪು ನಮ್ಮ ವಿರುದ್ಧ ಬಂತು ಅಂತ ದೂರು ಕೊಡೋ ಹಾಗಿಲ್ಲ. ಅದಕ್ಕೆ ಮೇಲಿನ ಕೋರ್ಟಿಗೆ ಮೇಲ್ಮನವಿ ಹಾಕಬೇಕು. ಆದರೆ ಲಂಚ ಕೇಳುವುದು, ಕೆಟ್ಟ ಮಾತಾಡುವುದು, ಹೆಣ್ಣು ಅಂತ, ಜಾತಿ ಹಿಡಿದು ಹೀಯಾಳಿಸುವುದು ದುರ್ನಡತೆ. ಅದಕ್ಕೆ ದೂರು ಕೊಡಬಹುದು.

ಯಾರಿಗೆ? ತಾಲ್ಲೂಕು, ಜಿಲ್ಲಾ ಕೋರ್ಟುಗಳ ನ್ಯಾಯಾಧೀಶರ ಮೇಲೆ ಹೈಕೋರ್ಟಿನ ಹಿಡಿತ ಇದೆ. ದೂರನ್ನು ಬೆಂಗಳೂರಿನ ಹೈಕೋರ್ಟಿಗೆ, ವಿಜಿಲೆನ್ಸ್ ರಿಜಿಸ್ಟ್ರಾರ್ ಅವರಿಗೆ ಕಳಿಸಬೇಕು.

ಏನು ಬರೆಯಬೇಕು? ಯಾವ ಕೋರ್ಟು, ಕೇಸಿನ ನಂಬರು, ತಾರೀಕು, ಹೊತ್ತು. ಆಡಿದ ಮಾತು ಹೇಗಿತ್ತೋ ಹಾಗೇ. ಅಲ್ಲಿ ಯಾರ್ಯಾರು ಇದ್ದರು. ಕೆಳಗೆ ನಮ್ಮ ಹೆಸರು, ವಿಳಾಸ, ಸಹಿ. ಬರೆದದ್ದು ನಿಜ ಅಂತ ಪ್ರಮಾಣ ಮಾಡಿದ ಅಫಿಡವಿಟ್ ಮತ್ತು ಸಾಕ್ಷಿಗೆ ಬೇಕಾದ ಕಾಗದ ಜೊತೆಗಿರಬೇಕು. ಹೆಸರಿಲ್ಲದ ದೂರು ನಿಲ್ಲದು. ಒಂದು ಪ್ರತಿ ನಮ್ಮ ಹತ್ತಿರ ಇರಲಿ.

"ದೂರು ಕೊಟ್ಟರೆ ನಮ್ಮನ್ನೇ ಜೈಲಿಗೆ ಹಾಕಿದರೆ?" ಅಂತ ಭಯ ಬೇಡ. 1971ರ ನ್ಯಾಯಾಂಗ ನಿಂದನೆ ಕಾಯಿದೆ ಏನು ಹೇಳುತ್ತದೆ ಗೊತ್ತೆ? ಕೆಳಗಿನ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಒಳ್ಳೆಯ ಮನಸ್ಸಿನಿಂದ ಹೈಕೋರ್ಟಿಗೆ ಹೇಳಿದರೆ ಅದು ನಿಂದನೆ ಅಲ್ಲ. ಆದರೆ ಸುಳ್ಳು ಮಾತ್ರ ಬರೆಯಬಾರದು.

ದೊಡ್ಡವರನ್ನು ಕೇಳುವವರು ಯಾರು ಅನ್ನಬೇಡಿ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಕೋರ್ಟಿನಲ್ಲಿ ಒಬ್ಬ ಮಹಿಳಾ ವಕೀಲರಿಗೆ ಆಡಿದ ಮಾತಿನ ವಿಡಿಯೋ ಎಲ್ಲೆಡೆ ಹರಡಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 20ನೇ ತಾರೀಕು ತಾವಾಗಿಯೇ ಆ ವಿಷಯ ಕೈಗೆತ್ತಿಕೊಂಡರು. ಮರುದಿನ ಶ್ರೀಶಾನಂದ ಅವರು ಕೋರ್ಟಿನಲ್ಲೇ ವಿಷಾದ ಹೇಳಿದರು. 25ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಿ ವಿಷಯ ಮುಗಿಸಿತು. ಹೆಣ್ಣುಮಕ್ಕಳ ಬಗ್ಗೆ, ಯಾವುದೇ ಸಮುದಾಯದ ಬಗ್ಗೆ ಹಗುರವಾಗಿ ಮಾತಾಡಬಾರದು ಎಂದು ನ್ಯಾಯಾಧೀಶರಿಗೆ ಎಚ್ಚರ ಹೇಳಿತು.

ವಕೀಲರಿಗೆ ಕೊಡಲು ದುಡ್ಡಿಲ್ಲವೆ? ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರದ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. 15100ಕ್ಕೆ ಫೋನ್ ಮಾಡಿ.

ಆ ಅಕ್ಕ ತಮಗಾದದ್ದನ್ನು ತಾವೇ ಬರೆದರು. ಆ ಮಾತು ಬರೆಯುವಾಗ ಕೈ ನಡುಗಿತು. ಆದರೂ ನಿಲ್ಲಿಸಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದರು. ತಲೆ ಎತ್ತಿ ನಮ್ಮನ್ನು ನೋಡಿದರು.

ವಿಚಾರಣೆ ಮಾಡೋದು ಹೈಕೋರ್ಟಿನ ಕೆಲಸ. ನಿಜ ಹೇಳೋದು ನಮ್ಮ ಕೆಲಸ. ನಾವು ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೆ?