ಕಳ್ಳಿ ಗಿಡಕ್ಕೂ ಹಸಿವಿದೆ



ಕಳ್ಳಿಗೇಕೆ ನೀರು, ಕಳ್ಳಿಗೇಕೆ ಗೊಬ್ಬರ ಎಂದು ಕೇಳುವವರು ನಮ್ಮಲ್ಲಿ ಬಹಳ. ನೀರಿನ ಮಾತು ಬಹುಮಟ್ಟಿಗೆ ನಿಜ. ಗೊಬ್ಬರದ ಮಾತು ಮಾತ್ರ ತಪ್ಪು. ಏಕೆ ಎಂಬುದನ್ನು ನಾವು ಈಗ ನೋಡೋಣ.

ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ. ಆದರೂ ಬಾದಾಮಿಯ ಮರಳುಗಲ್ಲಿನ ಗುಡ್ಡಗಳಲ್ಲಿ, ಇಳಕಲ್ಲಿನ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ, ಹುನಗುಂದದ ಹೊಲಗಳ ಬೇಲಿಯಲ್ಲಿ ಪಾಪಾಸಕಳ್ಳಿ, ಕತ್ತಾಳೆ, ಲೋಳೆಸರ ಹಸಿರಾಗಿರುತ್ತವೆ. ಉಳಿದ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಆಗ ಅದೇ ಬಾಗಿಲಿನಿಂದ ನೀರೂ ಆವಿಯಾಗಿ ಹೋಗುತ್ತದೆ. ಈ ರಸಭರಿತ ಗಿಡಗಳು ಹಾಗಲ್ಲ. ತಂಪಾದ ರಾತ್ರಿಯಲ್ಲಿ ಬಾಗಿಲು ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಮಾಡಿ, ಜೀವಕೋಶದ ರಸದಾನಿಯಲ್ಲಿ ಕೂಡಿಡುತ್ತವೆ. ಸೇಬುಹಣ್ಣಿನ ಹುಳಿಗೆ ಕಾರಣವಾದ ಆಮ್ಲವೂ ಇದೇ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಆಮ್ಲದಿಂದ ಆ ಅನಿಲವನ್ನು ಬಿಡಿಸಿ, ಬಿಸಿಲಿನ ಶಕ್ತಿಯಿಂದ ಆಹಾರ ತಯಾರಿಸುತ್ತವೆ. ಒಂದು ಗ್ರಾಂ ಇಂಗಾಲದ ಡೈ ಆಕ್ಸೈಡ್ ಪಡೆಯಲು ಭತ್ತ, ಗೋಧಿಯಂಥ ಗಿಡಗಳು ಸುಮಾರು 400-500 ಗ್ರಾಂ ನೀರು ಕಳೆದುಕೊಂಡರೆ, ಇವು ಕಳೆದುಕೊಳ್ಳುವುದು 50-100 ಗ್ರಾಂ ಮಾತ್ರ.

ಈ ವಿಷಯಕ್ಕೂ ನಮ್ಮ ನಾಡಿಗೂ ಹಳೆಯ ನಂಟಿದೆ. ಹೈದರ್ ಅಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು 1799ರ ನಂತರ ಕೆಲಕಾಲ ನೋಡಿಕೊಂಡವರು ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ. ಭಾರತದಲ್ಲಿದ್ದಾಗ ಅವರು ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ. ಇದನ್ನು 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಪತ್ರದ ಮೂಲಕ ತಿಳಿಸಿದರು. ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸಿಯ ಹೆಸರನ್ನೇ ಮುಂದೆ ಈ ಕ್ರಿಯೆಗೆ ಇಡಲಾಯಿತು.

ಇನ್ನು ಗೊಬ್ಬರದ ಮಾತು. ರಾತ್ರಿ ಆಮ್ಲ ತಯಾರಿಸುವುದು ಒಂದು ಕಿಣ್ವ. ಕಿಣ್ವವೆಂದರೆ ಪ್ರೋಟೀನು, ಪ್ರೋಟೀನಿಗೆ ಸಾರಜನಕ ಬೇಕೇ ಬೇಕು. ಆ ಕಿಣ್ವ ಕೆಲಸ ಮಾಡಲು ಮೆಗ್ನೀಸಿಯಂ ಬೇಕು. ಅದು ಬಳಸುವ ಕಚ್ಚಾ ವಸ್ತುವಿನಲ್ಲಿ ರಂಜಕವಿದೆ. ಪತ್ರರಂಧ್ರ ತೆರೆದು ಮುಚ್ಚಲು ಪೊಟ್ಯಾಸಿಯಂ ಬೇಕು. ಅಮೆರಿಕದ ಪಾರ್ಕ್ ನೊಬೆಲ್ ಎಂಬ ವಿಜ್ಞಾನಿ ಕಳ್ಳಿ ಜಾತಿಗಳನ್ನು ಪರೀಕ್ಷಿಸಿ, ಗಿಡದಲ್ಲಿ ಸಾರಜನಕ ಹೆಚ್ಚಿದ್ದಷ್ಟೂ ರಾತ್ರಿ ಸೇರುವ ಆಮ್ಲವೂ ಹೆಚ್ಚೆಂದು ತೋರಿಸಿದರು. ಬಂಡೆಯ ಮೇಲಿನ ಕಳ್ಳಿ ಗೊಬ್ಬರವಿಲ್ಲದೆ ಬದುಕುತ್ತದೆ, ಆದರೆ ನಿಧಾನವಾಗಿ ಬೆಳೆಯುತ್ತದೆ. ಬದುಕುವುದೇ ಬೇರೆ, ಫಲ ಕೊಡುವುದೇ ಬೇರೆ. ಈಗ ನಮ್ಮ ರೈತರು ಸಾಲ ಮಾಡಿ, ಕಲ್ಲಿನ ಕಂಬ ನಿಲ್ಲಿಸಿ ಡ್ರ್ಯಾಗನ್ ಹಣ್ಣು ಹಾಕುತ್ತಿದ್ದಾರೆ. ಅದೂ ಕಳ್ಳಿಯ ಕುಲದ್ದೇ. ಕಳ್ಳಿಯೆಂದು ಗೊಬ್ಬರ ಮರೆತರೆ ಕಂಬ ಉಳಿದೀತು, ಹಣ್ಣು ಬರಲಾರದು.

ನಮ್ಮ ಅಡುಗೆಮನೆಯಲ್ಲೂ ಈ ಪಾಠವಿದೆ. ಗೋಳಿ ಪಲ್ಲೆ, ಉರ್ದುವಿನ ಕುಲ್ಫಾ, ನೀರಿನ ಕೊರತೆಯಾದಾಗ ಇದೇ ರಾತ್ರಿಯ ದಾರಿ ಹಿಡಿಯುತ್ತದೆ. ಆಗ ಬೆಳಗಿನ ಜಾವ ಕಿತ್ತ ಸೊಪ್ಪು ಸಂಜೆ ಕಿತ್ತದ್ದಕ್ಕಿಂತ ಹುಳಿ.

ವಿದ್ಯಾರ್ಥಿಗಳೇ, ನೀವೇ ಪ್ರಯೋಗ ಮಾಡಿರಿ. ಎರಡು ಕುಂಡಗಳಲ್ಲಿ ಕಾಡುಬಸಳೆ ನೆಡಿರಿ. ಒಂದಕ್ಕೆ ತೊಳೆದ ಬರಿ ಮರಳು, ಇನ್ನೊಂದಕ್ಕೆ ಮರಳಿನ ಜೊತೆ ಕೊಟ್ಟಿಗೆ ಗೊಬ್ಬರ. ಮೂರು ತಿಂಗಳ ನಂತರ ಸೂರ್ಯೋದಯಕ್ಕೆ ಮುಂಚೆ ಎರಡರಿಂದಲೂ ಎಲೆ ಕಿತ್ತು, ಸಮತೂಕದ ಎಲೆಯನ್ನು ಸಮಪ್ರಮಾಣದ ನೀರಿನಲ್ಲಿ ಅರೆದು ಪಿಎಚ್ ಕಾಗದದಿಂದ ಪರೀಕ್ಷಿಸಿರಿ. ಸಂಜೆ ಮತ್ತೆ ಹಾಗೆಯೇ ಮಾಡಿರಿ. ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು. ನಾಲಿಗೆಯಿಂದ ಮಾತ್ರ ಪರೀಕ್ಷಿಸಬೇಡಿರಿ, ಆ ಎಲೆಯಲ್ಲಿ ವಿಷಾಂಶವೂ ಇದೆ. ಹಾಲುಗಳ್ಳಿಯನ್ನಂತೂ ಮುಟ್ಟಬೇಡಿರಿ, ಅದರ ಹಾಲು ಕಣ್ಣಿಗೆ ಅಪಾಯಕಾರಿ.

ಉರ್ದುವಿನಲ್ಲಿ ತೇಜಾಬ್ ಎಂದರೂ ಕನ್ನಡದಲ್ಲಿ ಆಮ್ಲ ಎಂದರೂ ಕಾಗದದ ಬಣ್ಣ ಒಂದೇ. ಮಾಧ್ಯಮ ಯಾವುದೆಂದು ಅಂಜಿ ಪಿಯುಸಿಯಲ್ಲಿ ವಿಜ್ಞಾನವನ್ನು ಬಿಡಬೇಡಿರಿ. ಪಾಲಕರೇ, ಕಷ್ಟದಲ್ಲೂ ಓದುವ ಮಗುವಿಗೆ ಪುಸ್ತಕ ಬೇಡ, ಊಟ ಬೇಡ ಎಂದು ನಾವು ತಿಳಿಯಬಾರದು. ಕಡಿಮೆಯಲ್ಲಿ ಬದುಕಬಲ್ಲವರಿಗೂ ಪೋಷಣೆ ಬೇಕು.