ಕೌದಿಯ ನಕ್ಷತ್ರ



ಕಲೆಯೆಂದೊಡನೆ ನಮ್ಮ ಮನಸ್ಸು ಗುಡಿಗೋಪುರಗಳ ಕಡೆಗೋ ಸಂಗೀತದ ಸಭೆಯ ಕಡೆಗೋ ಹರಿಯುತ್ತದೆ; ರಾತ್ರಿ ಹೊದೆದು ಬೆಳಗ್ಗೆ ಮಡಿಸಿಡುವ ಕೌದಿಯ ಕಡೆಗೆ ಹರಿಯುವುದಿಲ್ಲ. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು, ಇವನ್ನು ಒಂದರ ಮೇಲೊಂದು ಹರವಿ ಸಾಲುಸಾಲಾಗಿ ಹೊಲಿದರೆ ಕೌದಿಯಾಯಿತು. ಅದರಲ್ಲಿ ವಿಚಾರಮಾಡತಕ್ಕದ್ದೇನಿದೆ ಎಂದು ತಾವು ಕೇಳಬಹುದು. ವಿಚಾರಮಾಡತಕ್ಕದ್ದು ಬಹಳವಿದೆ ಎಂಬುದೇ ಈ ಹೊತ್ತಿನ ನನ್ನ ಮಾತು. ಹಿಂದಿನವರು ಹಾಕಿಕೊಟ್ಟ ಮಾದರಿಯೊಳಗೆ ನಿಂತವರಿಗೆ ಸ್ವಂತದ ಕಲ್ಪನೆಗೆ ಎಡೆಯುಂಟೆ? ಪಂಡಿತರು ಕಾವ್ಯದ ವಿಷಯದಲ್ಲಿ ಕೇಳುವ ಈ ದೊಡ್ಡ ಪ್ರಶ್ನೆಗೆ ಸೂಜಿ ಹಿಡಿದ ಹೆಂಗಸರು ಎಂದೋ ಉತ್ತರ ಹೇಳಿದ್ದಾರೆ.

ನಮ್ಮ ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ, ರಾಜಾಜಿನಗರದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ, ಮುಂಜಾನೆ ನಡೆದುಹೋದರೆ ಬಾಗಿಲ ಮುಂದೆ ನಕ್ಷತ್ರದ ರಂಗೋಲಿ ಕಾಣದಿರುವುದು ಅಪರೂಪ. ೭ ರಿಂದ ೪ ರ ವರೆಗೆ ಸಂದು ಚುಕ್ಕಿಯಿಟ್ಟರೆ ಆರು ಮೂಲೆಯ ಅಂಗಳವೊಂದು ಸಿದ್ಧವಾಗುತ್ತದೆ. ಚುಕ್ಕಿ ಎಲ್ಲರಿಗೂ ಒಂದೇ; ಆದರೂ ಎರಡು ಮನೆಗಳ ರಂಗೋಲಿ ಒಂದೇ ಆಗಿರುವುದಿಲ್ಲ. ಎಲ್ಲಿ ಗೆರೆಯನ್ನು ಎಳೆಯಬೇಕು, ಎಲ್ಲಿ ಬಣ್ಣವನ್ನು ತುಂಬಬೇಕು, ಎಲ್ಲಿ ಬರಿದಾಗಿ ಬಿಡಬೇಕು ಎಂಬ ನಿರ್ಧಾರ ಎಳೆದವರದು. ನೆಲದ ಮೇಲಿನ ಈ ನಿಯಮವೇ ಬಟ್ಟೆಯ ಮೇಲೆಯೂ ನಡೆಯುತ್ತದೆ.

ಅಮೆರಿಕೆಯ ಹೆಣ್ಣುಮಕ್ಕಳು ಬಹುಕಾಲದಿಂದ ತಮ್ಮ ಕೌದಿಗಳಲ್ಲಿ ಹೊಲಿಯುತ್ತ ಬಂದಿರುವ ಒಂದು ನಕ್ಷತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಕಟ್ಟು ಸರಳವಾದುದರಿಂದ ಕಿವಿಯಿಂದ ಕೇಳಿಯೇ ಕಣ್ಣಿಗೆ ತಂದುಕೊಳ್ಳಬಹುದು. ೧೨ ಅಂಗುಲದ ಒಂದು ಚೌಕ. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಭಾಗಮಾಡಿದರೆ ೩ ಅಂಗುಲದ ೧೬ ಮನೆಗಳಾಗುತ್ತವೆ. ನಡುವಣ ನಾಲ್ಕು ಮನೆಗಳು ಕೂಡಿ ನಕ್ಷತ್ರದ ಒಡಲು. ಮೂಲೆಯ ನಾಲ್ಕು ಮನೆಗಳು ಆಕಾಶ. ಉಳಿದವು ಪಕ್ಕಕ್ಕೆ ಎರಡರಂತೆ ಎಂಟು. ಅವನ್ನು ಮೂಲೆಯಿಂದ ಮೂಲೆಗೆ ಸೀಳಿ, ಅರ್ಧಕ್ಕೆ ದಟ್ಟವಾದ ಬಣ್ಣ, ಅರ್ಧಕ್ಕೆ ತಿಳಿಯಾದ ಬಣ್ಣ ಕೊಟ್ಟರೆ, ದಟ್ಟವಾದ ಎಂಟು ತ್ರಿಕೋಣಗಳು ಎಂಟು ಕಿರಣಗಳಾಗಿ ಹೊರಚಾಚುತ್ತವೆ. ಹೊಲಿದು ನೋಡುವ ಮನಸ್ಸುಳ್ಳವರು ಹೊಲಿಗೆಯ ಅಂಚಿಗೆಂದು ಸುತ್ತಲೂ ಕಾಲಂಗುಲ ಬಿಟ್ಟು ನಡುವಣ ಚೌಕವನ್ನು ಆರೂವರೆ ಅಂಗುಲಕ್ಕೂ, ಮೂಲೆಯವನ್ನು ಮೂರೂವರೆ ಅಂಗುಲಕ್ಕೂ ಕತ್ತರಿಸತಕ್ಕದ್ದು. ಸೀಳುವ ಚೌಕಗಳು ಮಾತ್ರ ನಾಲ್ಕು ಅಂಗುಲಕ್ಕೆ ಎಂಟನೆಯ ಒಂದಂಶ ಕಡಮೆಯಿರಬೇಕು; ಎರಡು ಬಣ್ಣಕ್ಕೂ ನಾಲ್ಕು ನಾಲ್ಕು ಸಾಕು.

ಇಷ್ಟೇ ಮಾದರಿ. ಇನ್ನು ಇದರೊಳಗಿನ ಸ್ವಾತಂತ್ರ್ಯವನ್ನು ನೋಡಿರಿ. ದಟ್ಟಬಣ್ಣವನ್ನೂ ತಿಳಿಬಣ್ಣವನ್ನೂ ಅದಲುಬದಲು ಮಾಡಿದರೆ ಇರುಳಿನ ನಕ್ಷತ್ರ ಹಗಲಿನದಾಗುತ್ತದೆ. ನಡುವಣ ೬ ಅಂಗುಲದ ಚೌಕದಲ್ಲಿ ಇನ್ನೊಂದು ಚಿಕ್ಕ ನಕ್ಷತ್ರವನ್ನು ಕೂರಿಸಿದರೆ ನಕ್ಷತ್ರದ ಹೊಟ್ಟೆಯಲ್ಲಿ ನಕ್ಷತ್ರ. ಸೀಳಿದ ಎಂಟು ಮನೆಗಳಲ್ಲಿ ಒಂದೊಂದನ್ನೂ ನಾಲ್ಕು ಬಗೆಯಾಗಿ ತಿರುಗಿಸಿಡಬಹುದು. ಲೆಕ್ಕಹಾಕಿದರೆ ಒಟ್ಟು ೬೫,೫೩೬ ಬಗೆ! ನಾಲ್ಕು ಪಕ್ಕಗಳೂ ಚಕ್ರದಂತೆ ಒಂದೇ ಸಮನಾಗಿ ಸುತ್ತಬೇಕೆಂದರೆ ಆ ರಾಶಿಯಲ್ಲಿ ೧೬ ಮಾತ್ರ ನಿಲ್ಲುತ್ತವೆ. ಇಷ್ಟನ್ನು ಗಣಿತ ಹೇಳುತ್ತದೆ. ಯಾವುದು ಚೆನ್ನ ಎಂಬುದನ್ನು ಗಣಿತ ಹೇಳಲಾರದು. ಅದನ್ನು ಕಣ್ಣು ಹೇಳಬೇಕು. ಇಂಥ ಚೌಕಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿದಾಗಲಂತೂ ಎರಡು ನಕ್ಷತ್ರಗಳ ನಡುವೆ ಯಾರೂ ಕತ್ತರಿಸದ ವಜ್ರಾಕೃತಿಯೊಂದು ತಾನಾಗಿ ಮೂಡುತ್ತದೆ. ನೆರೆಹೊರೆ ಕೂಡಿದರೆ ಒಬ್ಬರಲ್ಲಿ ಇಲ್ಲದ ಸೊಗಸು ಹುಟ್ಟುವುದು ಮನುಷ್ಯರಲ್ಲಿ ಮಾತ್ರವಲ್ಲ ಎಂದಾಯಿತು.

ಇದು ಪರದೇಶದ ಚಮತ್ಕಾರವೆಂದು ತಿಳಿಯಬೇಕಾಗಿಲ್ಲ. ಚೌಕವೊಂದನ್ನು ಅದರ ನಡುಬಿಂದುವಿನ ಮೇಲೆ ತಿರುಗಿಸಿ ನಕ್ಷತ್ರವನ್ನು ಪಡೆಯುವ ವಿದ್ಯೆಯನ್ನು ನಮ್ಮ ಶಿಲ್ಪಿಗಳು ಕಲ್ಲಿನಲ್ಲಿ ತೋರಿಸಿದ್ದಾರೆ. ಎರಡು ಚೌಕಗಳಿಗೆ ಎಂಟು ಮೂಲೆ, ನಾಲ್ಕಕ್ಕೆ ಹದಿನಾರು, ಆರಕ್ಕೆ ಇಪ್ಪತ್ತನಾಲ್ಕು. ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ತಳವಿನ್ಯಾಸ ೧೬ ಮೂಲೆಯದು. ಗದಗ ಜಿಲ್ಲೆಯ ಡಂಬಳದಲ್ಲಿ ೧೨ನೆಯ ಶತಮಾನದ ದೊಡ್ಡಬಸಪ್ಪನ ಗುಡಿ ೨೪ ಮೂಲೆಯದು. ಆ ಶಿಲ್ಪಿಯನ್ನು ಸಂಪ್ರದಾಯವನ್ನು ಕೆಡಿಸಿದವನೆಂದು ಯಾರೂ ದೂರುವುದಿಲ್ಲ, ಬೆಳೆಸಿದವನೆಂದೇ ಕೊಂಡಾಡುತ್ತೇವೆ. ಅದೇ ಡಂಬಳದ ಸೀಮೆ ಕೌದಿಯ ಸೀಮೆಯೂ ಹೌದು. ಕಲ್ಲಿಗೆ ಸಲ್ಲಿಸುವ ಗೌರವವನ್ನು ಬಟ್ಟೆಗೆ ಸಲ್ಲಿಸಲು ನಾವೇಕೆ ಹಿಂಜರಿಯಬೇಕು?

ಅಳತೆಗೋಲೇ ಇಲ್ಲದ ಕೌದಿಯೂ ಉಂಟು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟ ಆಫ್ರಿಕದ ಜನರ ಸಂತತಿ ಇವರು. ಇವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಮೊದಲೇ ಬರೆದ ನಕ್ಷೆಯಿಲ್ಲ. ಒಂದು ಹಳೆಯ ಸೀರೆಯನ್ನು ಹರವಿ, ಅಂಚಿನಿಂದ ಮೊದಲುಮಾಡಿ, ಕೈಗೆ ಬಂದ ತುಂಡನ್ನು ಮಡಿಚಿಟ್ಟು ಹೊಲಿಯುತ್ತ, ಸುತ್ತುಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಆದರೂ ಕಟ್ಟಳೆಯಿಲ್ಲವೆಂದಲ್ಲ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಮಾಡಿದ ಹೂವಿರಬೇಕು. ಅದನ್ನು ಫುಲ ಎನ್ನುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆಯೆಂದೇ ಅವರ ಎಣಿಕೆ. ಹೂವು ಕಟ್ಟಳೆಯದು, ಉಳಿದುದೆಲ್ಲ ಹೊಲಿದವಳದು. ೨೦೦೪ರಲ್ಲಿ ಈ ಹೆಂಗಸರದೇ ಒಂದು ಸಹಕಾರ ಸಂಘ ಏರ್ಪಟ್ಟು, ಕವಂದಿಗಳು ದೂರದೇಶದ ಪ್ರದರ್ಶನಗಳನ್ನೂ ಕಂಡವು.

ಹೊದಿಕೆಯ ನಕ್ಷತ್ರ ಒಂದು ಜನಾಂಗದ ಮಾನವನ್ನೇ ಕಾದ ಕಥೆಯೂ ಇದೆ. ಉತ್ತರ ಅಮೆರಿಕೆಯ ಮೂಲನಿವಾಸಿಗಳಾದ ಲಕೋಟ ಜನರು ಕಾಡುದನದ ತೊಗಲನ್ನು ಹೊದೆಯುತ್ತಿದ್ದರು, ಗೌರವದ ಕಾಣಿಕೆಯಾಗಿ ಕೊಡುತ್ತಿದ್ದರು. ೧೯ನೆಯ ಶತಮಾನದ ಕೊನೆಯಲ್ಲಿ ಬಿಳಿಯರ ಬಂದೂಕಿಗೆ ಆ ಹಿಂಡುಗಳು ಅಳಿದುಹೋದಾಗ, ಹೊರಗಿನವರಿಂದ ಕಲಿತ ಹೊಲಿಗೆಯಲ್ಲಿಯೇ ಅವರು ತಮ್ಮ ಬೆಳಗಿನ ಬೆಳ್ಳಿಯನ್ನು ಮೂಡಿಸಿದರು. ಇಂದಿಗೂ ಹುಟ್ಟಿಗೆ, ಮದುವೆಗೆ, ಸಾವಿಗೆ ನಕ್ಷತ್ರದ ಕೌದಿಯೇ ಅವರ ಮನ್ನಣೆಯ ಕಾಣಿಕೆ. ಪರರ ಮಾದರಿ ಹೀಗೆ ಸ್ವಂತದ ಪರಂಪರೆಯಾಯಿತು.

ನಮ್ಮಲ್ಲಿ ಈಗ ಅಪಾಯವಿರುವುದು ಎರಡು ಕಡೆಯಿಂದ. ಮೊದಲನೆಯದು ಬಟ್ಟೆಯದು. ಹತ್ತಿಯ ಸೀರೆಯನ್ನು ಉಟ್ಟು, ಒಗೆದು, ಮೆತ್ತಗೆಮಾಡಿ, ಮೊಮ್ಮಗುವಿನ ಮೈಗೆ ಹಿತವಾಗುವಂತೆ ಕೌದಿಗೆ ಹಾಕುತ್ತಿದ್ದರು. ಪಾಲಿಯೆಸ್ಟರಿನ ಸೀರೆ ಎಷ್ಟು ಒಗೆದರೂ ಹಾಗೆ ಹದಗೊಳ್ಳುವುದಿಲ್ಲ, ಬೆವರನ್ನೂ ಹೀರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು, ಅದು ಕೊಳ್ಳುವ ನಮ್ಮದು. ಕೈಹೊಲಿಗೆಯ ಕೌದಿಗೆ ಪಟ್ಟಣದಲ್ಲಿ ಬೇಡಿಕೆ ಹುಟ್ಟಿದೆ, ಸಂತೋಷ. ಆದರೆ ನಾವು ಒಂದನ್ನು ಮೆಚ್ಚಿ, ಅಂಥದೇ ಇಪ್ಪತ್ತು ಬೇಕೆನ್ನುತ್ತೇವೆ. ಬಣ್ಣದ ಚೀಟಿಯನ್ನು ನಾವೇ ಕೊಡುತ್ತೇವೆ. ಒಂದು ತ್ರಿಕೋಣ ಬೇರೆಯ ಕಡೆ ತಿರುಗಿದ್ದರೆ ತಪ್ಪೆಂದು ಹಿಂದಿರುಗಿಸುತ್ತೇವೆ. ಆ ತ್ರಿಕೋಣವನ್ನು ತಿರುಗಿಸಿದ್ದೇ ಅವಳ ಕಲೆಯಾಗಿದ್ದರೆ? ಅವಳಿಗೆ ಸೂಜಿಯ ಕೂಲಿ ದೊರೆಯಿತು, ಬುದ್ಧಿಯ ಬೆಲೆ ದೊರೆಯಲಿಲ್ಲ. ಕೈಗಳನ್ನು ಹೀಗೆ ಯಂತ್ರಮಾಡಿದರೆ, ಯಂತ್ರ ಅದನ್ನು ಇನ್ನೂ ಅಗ್ಗವಾಗಿ ಮಾಡಿಕೊಡುತ್ತದೆ. ಆಮೇಲೆ ಆ ಕೈಗಳಿಗೆ ಕೆಲಸವೇ ಇರುವುದಿಲ್ಲ.

ಪೀಣ್ಯದ ಉಡುಪಿನ ಕಾರ್ಖಾನೆಗಳಲ್ಲಿಯೂ, ವಿಜಯನಗರದಿಂದ ಕೆಂಗೇರಿಯ ವರೆಗೆ ಬೀದಿಬೀದಿಯ ದರ್ಜಿಗಳ ಅಂಗಡಿಯಲ್ಲಿಯೂ ಕತ್ತರಿಯ ಚೂರುಗಳು ದಿನವೂ ಬೀಳುತ್ತವೆ. ನಮ್ಮ ಪೆಟ್ಟಿಗೆಗಳಲ್ಲಿ ಗತಿಸಿದ ಹಿರಿಯರ ಹತ್ತಿಯ ಸೀರೆಗಳು ಮಡಿಕೆಯಲ್ಲಿಯೇ ಸೀಳುತ್ತಿವೆ. ಇವನ್ನು ಹೊಲಿಗೆ ಬಲ್ಲ ಹೆಂಗಸಿನ ಕೈಗೆ ಕೊಟ್ಟು, ಉದ್ದಗಲವನ್ನಷ್ಟೇ ಹೇಳಿ, ‘ಉಳಿದುದು ನಿಮ್ಮ ಮನಸ್ಸಿಗೆ ಬಂದಂತೆ ಆಗಲಿ, ತಾಯಿ’ ಎಂದು ಸುಮ್ಮನಿರುವ ಧೈರ್ಯ ನಮಗೆ ಬರಬೇಕು. ಬಂದ ಕೌದಿ ನಾವೆಣಿಸಿದಂತೆ ಇರಲಿಕ್ಕಿಲ್ಲ. ಹಾಗಿಲ್ಲದಿರುವುದಕ್ಕಾಗಿಯೇ ಎರಡು ಕಾಸು ಹೆಚ್ಚಾಗಿ ಕೊಡುವುದು ನ್ಯಾಯ.